ತೂಕ ತಪ್ಪಿದವನ ಜಾರಾಟ

ಹಿಮದ ಮೇಲೆ ಜಾರಲು ಕಾಲಿಗೆ ತೊಡುವ ಉದ್ದ ಹಲಗೆಯೇ ಸ್ಕೀ. ಅದನ್ನು ಬಾಡಿಗೆಗೆ ಕೊಡುವ ಕೌಂಟರಿನಲ್ಲಿ ಒಂದು ಫಾರಂ ಕೊಡುತ್ತಾರೆ. ಚಿಕ್ಕದು. ತೂಕ, ಎತ್ತರ, ವಯಸ್ಸು, ಪಾದದ ಅಳತೆ, ಕೊನೆಗೆ ನೀವು ಎಂಥ ಸ್ಕೀಯರ್ ಎಂಬ ಒಂದು ಪ್ರಶ್ನೆ. ಬೆನ್ನ ಹಿಂದೆ ಹದಿನೈದು ಜನರ ಸಾಲು, ಪಕ್ಕದಲ್ಲಿ ಹೆಂಡತಿ, ಎದುರಿಗೆ ಇಪ್ಪತ್ತೆರಡರ ಹುಡುಗ. ಇಂಥ ಜಾಗದಲ್ಲಿ ನಿಜ ಬರೆಯಬೇಕಾದರೆ ಹರಿಶ್ಚಂದ್ರನೇ ಆಗಿರಬೇಕು. ಅವನನ್ನೂ ವಿಶ್ವಾಮಿತ್ರ ರಾಜ್ಯ ಕೇಳಿದ, ದಕ್ಷಿಣೆ ಕೇಳಿದ, ತೂಕ ಮಾತ್ರ ಕೇಳಲಿಲ್ಲ.

ಆಗ ನನ್ನ ತೂಕ 86 ಕೆಜಿ. 77 ಎಂದು ಬರೆದೆ. ಒಂಬತ್ತು ಕೆಜಿಯಿಂದ ಯಾರ ಮನೆ ಹಾಳಾಗುತ್ತದೆ? ಮುಂದೆ ಹೇಗೂ ಇಳಿಸಬೇಕೆಂದಿದ್ದ ತೂಕವನ್ನು ಮುಂಗಡವಾಗಿ ಇಳಿಸಿದ್ದೆ, ಅಷ್ಟೆ. ಹುಡುಗ ನನ್ನ ಹೊಟ್ಟೆಯನ್ನೊಮ್ಮೆ ನೋಡಿದ, ಫಾರಮನ್ನೊಮ್ಮೆ ನೋಡಿದ, ತುಟಿ ಬಿಚ್ಚದೆ ಸ್ಕ್ರೂಡ್ರೈವರ್ ಎತ್ತಿಕೊಂಡ.

ಆ ಸ್ಕ್ರೂಡ್ರೈವರಿನ ಮಹಿಮೆ ನನಗೆ ತಿಳಿದದ್ದು ಆಮೇಲೆ. ಬೂಟನ್ನು ಸ್ಕೀಗೆ ಕಚ್ಚಿಸಿ ಹಿಡಿಯುವ ಬೈಂಡಿಂಗ್ ಇದೆಯಲ್ಲ, ಅದಕ್ಕೆ ಎರಡು ಕೆಲಸ. ಜಾರುವಾಗ ಹಿಡಿದುಕೊಳ್ಳಬೇಕು, ಬೀಳುವಾಗ ಬಿಟ್ಟುಕೊಡಬೇಕು. ಎಷ್ಟು ಬಲ ಬಿದ್ದರೆ ಬಿಡಬೇಕು ಅನ್ನುವುದನ್ನು ಒಳಗಿನ ಸ್ಪ್ರಿಂಗು ತೀರ್ಮಾನಿಸುತ್ತದೆ. ಬೆರಳ ಕಡೆ ಒಂದು, ಹಿಮ್ಮಡಿಯ ಕಡೆ ಒಂದು ಪುಟ್ಟ ಕಿಂಡಿಯಿದ್ದು, ಅದರಲ್ಲಿ ಒಂದು ಅಂಕಿ ಕಾಣುತ್ತದೆ. ಅದಕ್ಕೆ ಡಿನ್ ಸಂಖ್ಯೆ ಎಂದು ಹೆಸರು. ಆ ಅಂಕಿ ಹುಟ್ಟುವುದು ಫಾರಂನಿಂದ. ಅದನ್ನು ನೋಡಿ ಹೊಂದಿಸಲು ಅಂಗಡಿಯವರ ಬಳಿ ಒಂದು ಪಟ್ಟಿಯಿರುತ್ತದೆ. ಅದರಲ್ಲಿ 67ರಿಂದ 78 ಕೆಜಿ ಒಂದು ಸಾಲು, 79ರಿಂದ 94 ಅದರ ಕೆಳಗಿನ ಸಾಲು. ಎತ್ತರಕ್ಕೂ ಹೀಗೇ ಸಾಲುಗಳಿವೆ; ಎರಡರಲ್ಲಿ ಯಾವುದು ಮೇಲಿನ ಸಾಲಿಗೆ, ಅಂದರೆ ಹಗುರದವರ ಸಾಲಿಗೆ ಬೀಳುತ್ತದೋ ಅದನ್ನೇ ಹಿಡಿಯುತ್ತಾರೆ. ನನ್ನ 182 ಸೆಂಟಿಮೀಟರ್ ಎತ್ತರ ಪ್ರಾಮಾಣಿಕವಾಗಿ ಕೆಳಗಿನ ಸಾಲಿನಲ್ಲೇ ನಿಂತಿತ್ತು. ನನ್ನ 77 ಕೆಜಿ ಅದರ ಕೈ ಹಿಡಿದು ಮೇಲಕ್ಕೆಳೆಯಿತು.

ಪರಿಣಾಮವಾಗಿ ನನ್ನ ಸ್ಕೀಗಳು ಬೇರೆ ಯಾರೋ ಹಗುರ ಮನುಷ್ಯನಿಗಾಗಿ ಸಿದ್ಧವಾದವು. ಮೊದಲನೆಯ ಉಬ್ಬಿನಲ್ಲೇ ಎಡಗಾಲಿನದು ಕಳಚಿಕೊಂಡಿತು. ನಾನು ಬಲಗಾಲಿನ ಮೇಲೆ ಸ್ವಲ್ಪ ದೂರ ಹೋಗಿ, ಆಮೇಲೆ ಮುಖದ ಮೇಲೆ ಇನ್ನಷ್ಟು ದೂರ ಹೋದೆ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಮಾತು ಅಕ್ಷರಶಃ ನಿಜವಾಗುವ ಜಾಗವಿದ್ದರೆ ಅದು ಹಿಮದ ಇಳಿಜಾರೇ. ಅಲ್ಲಿ ಮಣ್ಣು ಸಿಗುವುದಿಲ್ಲ. ಪುಣ್ಯಕ್ಕೆ ಬೈಂಡಿಂಗಿನಲ್ಲಿ ಬ್ರೇಕ್ ಇರುತ್ತದೆ. ಬೂಟು ಕಳಚಿದ ಕೂಡಲೇ ಎರಡು ಕಡ್ಡಿ ಕೆಳಕ್ಕೆ ಚಾಚಿ ಹಿಮವನ್ನು ಕಚ್ಚಿಕೊಳ್ಳುತ್ತವೆ. ಹಾಗಾಗಿ ಸ್ಕೀ ಬಿದ್ದಲ್ಲೇ ನಿಂತಿತ್ತು. ಬ್ರೇಕ್ ಇಲ್ಲದ ನಾನು ಮಾತ್ರ ಮೂವತ್ತು ಹೆಜ್ಜೆ ಕೆಳಗಿದ್ದೆ. ಅಷ್ಟನ್ನೂ ಪ್ಲಾಸ್ಟಿಕ್ ಬೂಟಿನಲ್ಲಿ ಹತ್ತಿದೆ.

ಹತ್ತಿ ಬಂದವನಿಗೆ ಇನ್ನೊಂದು ಪರೀಕ್ಷೆ ಕಾದಿತ್ತು. ಬೂಟನ್ನು ಬೈಂಡಿಂಗಿಗಿಟ್ಟು ಒತ್ತಿದರೆ ಟಕ್ ಅನ್ನಬೇಕು. ಅನ್ನಲಿಲ್ಲ. ಒದ್ದೆ. ಜಿಗಿದೆ. ಹಲ್ಲು ಕಚ್ಚಿ ಇಡೀ 86 ಕೆಜಿಯನ್ನು, ಹೌದು, ನಿಜವಾದ 86ನ್ನು, ಅದರ ಮೇಲೆ ಹೇರಿದೆ. ಇಲ್ಲ. ಐದು ವರ್ಷದ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು, ತನ್ನ ಕೋಲಿನ ತುದಿಯಿಂದ ನನ್ನ ಬೂಟಿನ ಅಡಿಯನ್ನು ತೋರಿಸಿದಳು. ಅಟ್ಟೆಗೆ ಹಿಮ ಗಟ್ಟಿಯಾಗಿ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆದ ಮೇಲೆ, ಸ್ಕೀಯನ್ನು ಇಳಿಜಾರಿಗೆ ಅಡ್ಡಲಾಗಿಟ್ಟು, ಕೆಳಗಿನ ಕಾಲಿನದನ್ನು ಮೊದಲು ಹಾಕಿಕೊಂಡರೆ ಇದು ಅರೆ ನಿಮಿಷದ ಕೆಲಸ. ಇಷ್ಟನ್ನು ತಿಳಿಯಲು ನನಗೆ ಇಪ್ಪತ್ತು ನಿಮಿಷ ಮತ್ತು ಆ ಮಗು ಬೇಕಾಯಿತು.

ತಾನಾಗಿ ಬಿಟ್ಟುಕೊಡುವ ಈ ಬೈಂಡಿಂಗಿನ ಹಿಂದೆಯೂ ಒಂದು ಪೆಟ್ಟಿನ ಕಥೆಯಿದೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಯಾಲ್ಮಾರ್ ವಾಮ್ ಎಂಬ ಸ್ಕೀ ಪಟು 1937ರಲ್ಲಿ ಕಾಲು ಮುರಿದುಕೊಂಡ. ಆಗಿನ ಬೈಂಡಿಂಗುಗಳಿಗೆ ಹಿಡಿಯುವುದೊಂದೇ ಗೊತ್ತಿತ್ತು, ಬಿಡುವುದು ಗೊತ್ತಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅವನಿಗೆ ಹೊಳೆದದ್ದು, ಕಾಲು ತಿರುಚಿದಾಗ ತಾನೇ ಕಳಚಿಕೊಳ್ಳುವ ಬೈಂಡಿಂಗಿನ ಉಪಾಯ. ಅವನಿಗೆ ಆಸ್ಪತ್ರೆಯಲ್ಲಿ ಆವಿಷ್ಕಾರ ಹೊಳೆಯಿತು. ಅದೇ ಆಸ್ಪತ್ರೆಯಂಥ ಜಾಗದಲ್ಲಿ ಮುಂದೆ ನಾನೂ ಮಲಗಿದೆ, ನನಗೆ ಏನೂ ಹೊಳೆಯಲಿಲ್ಲ. ಆ ಕಥೆ ಬರುತ್ತದೆ, ತಾಳಿ.

ಬೂಟಿನ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳಲ್ಲ, ಅಜ್ಞಾನ. ಸ್ಕೀ ಬೂಟಿನ ಅಳತೆ ಪಾದದ ಉದ್ದವೇ, ಸೆಂಟಿಮೀಟರಿನಲ್ಲಿ. 27.5 ಅಂದರೆ ಇಪ್ಪತ್ತೇಳೂವರೆ ಸೆಂಟಿಮೀಟರ್ ಪಾದ. ಹುಡುಗ ತಂದ ಬೂಟು ಎಲ್ಲ ಕಡೆಯಿಂದಲೂ ಅಮುಕಿತು. ‘ಇನ್ನೊಂದು ಸೈಜ್ ದೊಡ್ಡದು ಕೊಡಪ್ಪ, ಕಾಲು ಆರಾಮಾಗಿರಲಿ’ ಅಂದೆ. ಕೊಟ್ಟ. ಚಳಿಗೆಂದು ಅದರೊಳಗೆ ಎರಡು ಜೊತೆ ಕಾಲುಚೀಲ, ಅದರೊಳಗೆ ಥರ್ಮಲ್ ಪ್ಯಾಂಟಿನ ತುದಿ. ನನ್ನವಳು ಅಮುಕುವ ಬೂಟನ್ನೇ ತೊಟ್ಟು, ತೆಳ್ಳನೆಯ ಒಂದೇ ಜೊತೆ ಉದ್ದ ಕಾಲುಚೀಲ ಹಾಕಿ, ಎದ್ದು ನಿಂತು ಮಂಡಿ ಮುಂದಕ್ಕೆ ಬಾಗಿಸಿದಳು. ‘ನಿಂತು ಬಾಗಿದರೆ ಹಿಮ್ಮಡಿ ಹಿಂದಕ್ಕೆ ಹೋಗುತ್ತೆ, ಬೆರಳಿಗೆ ಜಾಗ ಬರುತ್ತೆ ರೀ’ ಅಂದಳು. ಇವಳಿಗೆ ಇದೆಲ್ಲ ಹೇಗೆ ಗೊತ್ತು ಅಂದರೆ, ಗೋಡೆಗೆ ಅಂಟಿಸಿದ್ದ ಸೂಚನೆಯನ್ನು ಓದಿದ್ದಳಂತೆ. ಗೋಡೆಯ ಮೇಲಿನ ಸೂಚನೆಗಳನ್ನು ಓದುವವರೂ ಲೋಕದಲ್ಲಿದ್ದಾರೆ.

ಸ್ಕೀ ತಿರುಗುವುದು ಮಂಡಿಯ ಕೆಳಗಿನ ಮುಂಗಾಲು ಬೂಟಿನ ನಾಲಗೆಯನ್ನು ಒತ್ತಿದಾಗ. ಒಳಗೆ ಕಾಲು ತೇಲಾಡುತ್ತಿದ್ದರೆ ನೀವು ಬಲಕ್ಕೆ ತಿರುಗಿರುತ್ತೀರಿ, ಸುದ್ದಿ ಸ್ಕೀಗೆ ತಲುಪಿರುವುದಿಲ್ಲ. ನನ್ನ ಎರಡು ಕಾಲುಚೀಲಗಳು ಮಧ್ಯಾಹ್ನದ ಹೊತ್ತಿಗೆ ಬೆವರಿನಿಂದ ನೆನೆದು, ಮಡಿಕೆ ಬಿದ್ದು, ಮುಂಗಾಲ ಮೂಳೆಯ ಮೇಲೆ ಥರ್ಮಲ್ಲಿನ ಹೊಲಿಗೆ ಅಚ್ಚೊತ್ತಿತ್ತು. ಆರಾಮಕ್ಕೆಂದು ಕೇಳಿ ಪಡೆದ ಬೂಟು ಕೊಟ್ಟಷ್ಟು ನೋವನ್ನು ಯಾವ ಬಿಗಿ ಬೂಟೂ ಕೊಡಲಾರದು. ಈಗ ಬೂಟು ಕೊಳ್ಳಲು ಹೊರಟವರು ಕೇಳಿದರೆ ನಾನು ಹೇಳುವುದಿಷ್ಟು: ಒಳಗಿನ ಮೆತ್ತೆಯನ್ನು ಹೊರಗೆ ತೆಗೆದು, ಬರೀ ಚಿಪ್ಪಿನೊಳಗೆ ಪಾದವಿಟ್ಟು, ಬೆರಳು ಮುಂದೆ ತಾಕಿಸಿ. ಹಿಮ್ಮಡಿಯ ಹಿಂದೆ ಎರಡು ಬೆರಳು ಹಿಡಿಸುವಷ್ಟು ಜಾಗವಿದ್ದರೆ ಸಾಕು. ಮೂರು, ನಾಲ್ಕು ಬೆರಳು ಹಿಡಿಸಿದರೆ ಅದು ನನ್ನ ಬೂಟು.

ಸ್ಕೀ ಹೊತ್ತು ನಡೆದ ಪ್ರಸಂಗವನ್ನು ಬೇಗ ಮುಗಿಸುತ್ತೇನೆ, ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಎರಡನ್ನೂ ಅಡಿಮೈ ಕೂಡಿಸಿ ಜೋಡಿಸಿದರೆ ಬ್ರೇಕುಗಳು ಒಂದಕ್ಕೊಂದು ಸಿಕ್ಕಿಕೊಂಡು ಒಂದೇ ಕಟ್ಟಾಗುತ್ತವೆ. ಅದನ್ನು ಹೆಗಲ ಮೇಲಿಟ್ಟು ನಡೆಯಬೇಕು. ಇದನ್ನೆಲ್ಲ ಸರಿಯಾಗೇ ಮಾಡಿದೆ. ಆದರೆ ಹಿಂದಿನಿಂದ ಯಾರೋ ಕರೆದರೆಂದು ತಿರುಗಿದೆ. ನಾನು ತಿರುಗಿದರೆ ನನ್ನ ಹಿಂದಿನ ಒಂದು ಮೀಟರ್ ಸ್ಕೀಯೂ ತಿರುಗುತ್ತದೆ. ಕರೆದಾತ ಹೆಲ್ಮೆಟ್ ಹಾಕಿದ್ದ. ಕ್ಷಮೆ ಕೇಳಲು ಬಾಗಿದೆ. ಬಾಗಿದಾಗ ಮುಂಭಾಗ ಬಾಗಿತು. ಮುಂದೆ ಇದ್ದಾಕೆಯೂ ಹೆಲ್ಮೆಟ್ ಹಾಕಿದ್ದಳು.

ಗಾಗಲ್ಸಿನ ಗತಿಯೂ ಅಷ್ಟೇ. ಇಳಿಜಾರಿನ ಮೇಲಕ್ಕೊಯ್ಯುವ ಕುರ್ಚಿ ಲಿಫ್ಟಿನಲ್ಲಿ ಕುಳಿತಾಗ ಸೆಕೆಯೆನಿಸಿ ಅದನ್ನು ಹಣೆಗೇರಿಸಿದೆ. ಬೆವರಿದ ಹಣೆಯ ಹಬೆ ಪೂರಾ ಗಾಜಿನೊಳಗೆ ಹೊಕ್ಕಿತು. ಒಳಮೈಯನ್ನು ಕೈಗವಸಿನಿಂದ ಉಜ್ಜಿದೆ. ಮಂಜು ಕಟ್ಟದಂತೆ ಒಳಗೆ ಒಂದು ನವಿರಾದ ಲೇಪ ಇರುತ್ತದೆ, ಒದ್ದೆಯಿದ್ದಾಗ ಉಜ್ಜಿದರೆ ಅದು ಕಿತ್ತುಬರುತ್ತದೆ. ಅಂದಿನಿಂದ ನನ್ನ ಗಾಗಲ್ಸಿಗೆ ಋತುಮಾನವೆಲ್ಲ ಮಂಜೇ. ಸನ್‌ಸ್ಕ್ರೀನನ್ನು ಹಣೆಗೆ, ಕೆನ್ನೆಗೆ, ಮೂಗಿನ ಮೇಲೆ ಧಾರಾಳವಾಗಿ ಬಳಿದಿದ್ದೆ. ಸೂರ್ಯ ಮೇಲಿರುತ್ತಾನೆಂಬುದು ನನ್ನ ಶಾಲಾ ಜ್ಞಾನ. ಹೊಸ ಹಿಮ ಅತಿನೇರಳೆ ಕಿರಣದ ಶೇ 80ರಷ್ಟನ್ನು ಮೇಲಕ್ಕೆ ಹಿಂದಿರುಗಿಸಬಲ್ಲದು, 1000 ಮೀಟರ್ ಮೇಲೇರಿದರೆ ಆ ಕಿರಣ ಸುಮಾರು ಶೇ 10 ಹೆಚ್ಚುತ್ತದೆ ಎಂಬುದನ್ನು ಶಾಲೆಯಲ್ಲಿ ಹೇಳಿರಲಿಲ್ಲ. ಸಂಜೆ ನನ್ನ ಗಲ್ಲದ ಅಡಿ ಮತ್ತು ಮೂಗಿನ ಹೊಳ್ಳೆಗಳ ಒಳಅಂಚು ಸುಟ್ಟಿದ್ದವು. ಹೊಳ್ಳೆಗೆ ಮುಲಾಮು ಹಚ್ಚಿಕೊಳ್ಳುವ ಗಂಡಸನ್ನು ಹೆಂಡತಿ ಯಾವ ಗೌರವದಿಂದ ನೋಡಿಯಾಳು?

ಇಷ್ಟಾದರೂ ಮರುವರ್ಷ ಸ್ವಂತ ಸ್ಕೀ ಕೊಂಡೆ. ಸೆಕೆಂಡ್ ಹ್ಯಾಂಡ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ನನ್ನ ಮಲ್ಲಿಗೆ 188 ಸೆಂಟಿಮೀಟರ್ ಉದ್ದವಿತ್ತು. ಸ್ಕೀ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತವೆ: ಮೂತಿಯ ಅಗಲ, ನಡುವಿನ ಅಗಲ, ಬಾಲದ ಅಗಲ, ಇವು ಮೂರೂ ಮಿಲಿಮೀಟರಿನಲ್ಲಿ; ಆಮೇಲೆ ಆರ್ ಎಂಬ ಅಕ್ಷರದ ಜೊತೆ ಒಂದು ಅಂಕಿ, ಮೀಟರಿನಲ್ಲಿ. ಅಂಚಿನ ಮೇಲೆ ನಿಂತು ತಿರುಗಿದರೆ ಆ ಸ್ಕೀ ಎಷ್ಟು ದೊಡ್ಡ ವೃತ್ತ ಬರೆಯಲು ಇಷ್ಟಪಡುತ್ತದೆ ಎಂಬುದರ ತ್ರಿಜ್ಯ ಅದು. ನಮ್ಮಂಥವರಿಗೆ 13, 14 ಸಾಕು, ಉದ್ದ ಗಲ್ಲದಿಂದ ಹಣೆಯ ನಡುವೆ ಬಂದರೆ ಸರಿ. ನನ್ನದರಲ್ಲಿ 27 ಎಂದಿತ್ತು. ದೊಡ್ಡ ಅಂಕಿ ಒಳ್ಳೆಯದೆಂದುಕೊಂಡೆ, ಪರೀಕ್ಷೆಯ ಅಂಕಗಳ ಹಾಗೆ. ನಾನು ಜಾರುತ್ತಿದ್ದ ಹಾದಿಯ ಅಗಲವೇ ಇಪ್ಪತ್ತು ಮೀಟರ್. ಸ್ಕೀ ತಿರುಗಲು ಮನಸ್ಸು ಮಾಡುವಷ್ಟರಲ್ಲಿ ಬೇಲಿ ಬಂದಿರುತ್ತಿತ್ತು.

ಬೈಂಡಿಂಗ್ ಹೊಂದಿಸಲು ಅಂಗಡಿಗೆ ಹೋದಾಗ ಮತ್ತದೇ ಫಾರಂ. ಪಾಠ ಕಲಿತಿದ್ದೆ, ತೂಕ 86 ಎಂದೇ ಬರೆದೆ. ಆ ಸತ್ಯ ಹೇಳಿದ ಹೆಮ್ಮೆಯಲ್ಲಿ ಕೊನೆಯ ಪ್ರಶ್ನೆಗೆ ಬಂದೆ. ಸ್ಕೀಯರುಗಳಲ್ಲಿ ಮೂರು ವರ್ಗ. ಒಂದನೆಯದು, ನಿಧಾನವಾಗಿ, ಎಚ್ಚರದಿಂದ, ಸಣ್ಣ ಇಳಿಜಾರಿನಲ್ಲಿ ಹೋಗುವವರು. ಮೂರನೆಯದು, ವೇಗವಾಗಿ, ಕಡಿದಾದ ಕಡೆ ಹೋಗುವವರು. ಎರಡನೆಯದು ಈ ಎರಡಕ್ಕೂ ಸೇರದವರು. ನಾನು ವೇಗವಾಗಿ ಹೋಗುತ್ತಿದ್ದೆ, ಅದಂತೂ ನಿಜ. ನಿಲ್ಲಿಸಲು ಬಾರದೆ ಹೋಗುತ್ತಿದ್ದೆ ಅನ್ನುವುದನ್ನು ಬರೆಯಲು ಜಾಗವಿರಲಿಲ್ಲ. ಮೂರಕ್ಕೆ ಗುರುತು ಹಾಕಿದೆ. ವರ್ಗ ಒಂದು ಏರಿದರೆ ಪಟ್ಟಿಯಲ್ಲಿ ಒಂದು ಸಾಲು ಕೆಳಗೆ, ಎರಡು ಏರಿದರೆ ಎರಡು ಸಾಲು. ಬೈಂಡಿಂಗ್ ಅಷ್ಟು ಬಿಗಿಯಾಯಿತು.

ಹೊರಡುವ ಮೊದಲು ಮೇಣ ಹಚ್ಚಬೇಕಿತ್ತು. ಸ್ಕೀ ಅಡಿಮೈಗೆ ಮೇಣ ಕರಗಿಸಿ ಹಚ್ಚಲು ಬೇರೆಯೇ ಇಸ್ತ್ರಿ ಪೆಟ್ಟಿಗೆ ಸಿಗುತ್ತದೆ. ತಳ ದಪ್ಪ, ಹಬೆಯ ತೂತಿಲ್ಲ, ಬಿಸಿ ಒಂದೇ ಸಮ. ಮನೆಯಲ್ಲೊಂದು ಇರುವಾಗ ಇನ್ನೊಂದು ಏಕೆ ಎಂದು ಬಟ್ಟೆಯ ಇಸ್ತ್ರಿಯನ್ನೇ ಹಿಡಿದೆ. ಹಾಲ್ ತುಂಬ ಹೊಗೆ. ಹೊಗೆ ಬಂದರೆ ಬಿಸಿ ಹೆಚ್ಚಾಯಿತೆಂದು ಅರ್ಥ. ನಾನು ಕೆಲಸ ಜೋರಾಗಿ ನಡೆಯುತ್ತಿದೆ ಎಂದುಕೊಂಡೆ. ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಮೂತಿಯಿಂದ ಬಾಲದ ಕಡೆಗೆ ಹೆರೆದೆ, ಅದನ್ನು ಸರಿಯಾಗೇ ಮಾಡಿದೆ. ಹೆರೆದದ್ದೆಲ್ಲ ಟೈಲ್ಸ್ ನೆಲದ ಮೇಲೆ ಬಿತ್ತು. ಕರೆಗಂಟೆ ಹೊಡೆಯಿತು, ಎದ್ದು ಓಡಿದೆ. ಆ ವರ್ಷದ ನನ್ನ ಅತ್ಯುತ್ತಮ ಜಾರಾಟ ನಡೆದದ್ದು ನಮ್ಮ ಹಾಲಿನಲ್ಲಿ: ಸೋಫಾದಿಂದ ಬಾಗಿಲಿನವರೆಗೆ ನೇರ, ಎರಡೂ ಪಾದ ಸಮಾನಾಂತರ. ಮರುದಿನ ಅದೇ ಇಸ್ತ್ರಿ ನನ್ನವಳ ಬಿಳಿ ಅಂಗಿಯ ಮೇಲೆ ಹಾಯಿತು. ಆ ಅಂಗಿಗೆ ಈಗಲೂ ನೀರು ಹತ್ತುವುದಿಲ್ಲ.

ಇನ್ನು ನಾನು ಬಿದ್ದ ಆ ಕಥೆ. ವೇಗವಾಗಿ ಬಿದ್ದಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು. ನಡಿಗೆಗಿಂತ ನಿಧಾನವಾಗಿ, ಲಿಫ್ಟಿನ ಸಾಲಿಗೆ ಸೇರಿಕೊಳ್ಳುವ ಸಮಯ. ಬಲ ಸ್ಕೀ ಹಿಮದ ಗುಡ್ಡೆಗೆ ಸಿಕ್ಕಿಕೊಂಡಿತು, ನಾನು ಗಡಿಯಾರದ ಮುಳ್ಳಿನಂತೆ ಮೆಲ್ಲಗೆ ಅದರ ಸುತ್ತ ತಿರುಗಿದೆ. ಬೈಂಡಿಂಗ್ ಕಾದು ನೋಡಿತು. ಮೂರನೆಯ ವರ್ಗದ ಮಹಾಶಯನಿಗೆ ಇಷ್ಟು ತಿರುಚುವಿಕೆ ಯಾವ ಲೆಕ್ಕ ಎಂದು ಹಿಡಿದೇ ಇತ್ತು. ಮಂಡಿ ಬಿಟ್ಟುಕೊಟ್ಟಿತು. ಸರಿಯಾಗಿ ಹೊಂದಿಸಿದ ಬೈಂಡಿಂಗ್ ಕೂಡ ಮುಖ್ಯವಾಗಿ ಕಾಯುವುದು ಮುಂಗಾಲಿನ ಮೂಳೆಯನ್ನು, ಮಂಡಿಯೊಳಗಿನ ಲಿಗಮೆಂಟಿಗೆ ಅಷ್ಟು ಭರವಸೆ ಕೊಡುವುದಿಲ್ಲ ಎಂದು ಡಾಕ್ಟರು ವಿವರಿಸಿದರು. ನನ್ನದು ಬರೀ ಉಳುಕು, ಹರಿದಿರಲಿಲ್ಲ. ಹೆಬ್ಬೆರಳೂ ಊದಿತ್ತು: ಬೀಳುವಾಗ ಕೋಲನ್ನು ಬಿಡದೆ ಹಿಡಿದುಕೊಂಡರೆ ಅದರ ಹಿಡಿ ಹೆಬ್ಬೆರಳನ್ನು ಹಿಂದಕ್ಕೆ ಮುರಿಯುತ್ತದೆ. ಇದು ಎಷ್ಟು ಸಾಮಾನ್ಯವೆಂದರೆ ಈ ಪೆಟ್ಟಿನ ಹೆಸರೇ ಸ್ಕೀಯರನ ಹೆಬ್ಬೆರಳು. ನನ್ನ ಹೆಸರಿನ ಜೊತೆ ಸ್ಕೀಯರ್ ಎಂಬ ಪದವನ್ನು ಯಾರಾದರೂ ಬರೆದದ್ದು ಆ ಚೀಟಿಯಲ್ಲಿ ಮಾತ್ರ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಆ ಸೌಲಭ್ಯವೂ ಇಲ್ಲ. ನೆಲ ನಿಜಕ್ಕೂ ಡೊಂಕು, ಡೊಂಕಿರಲಿ ಎಂದೇ ಟಿಕೆಟ್ ಕೊಂಡು ಬಂದವನು ನಾನು.

ಮೂರನೆಯ ವರ್ಷ, ಮಂಡಿ ವಾಸಿಯಾದ ಮೇಲೆ, ಆ 188ನ್ನು ಮಾರಿ ಗಲ್ಲದೆತ್ತರದ ಒಂದು ಜೊತೆ ಕೊಂಡು ಬೈಂಡಿಂಗ್ ಹೊಂದಿಸಲು ಹೋದೆವು. ಸ್ವಂತದ್ದಾದರೂ ವರ್ಷಕ್ಕೊಮ್ಮೆ ತೋರಿಸಬೇಕು. ಫಾರಂ ಬಂತು. ತೂಕ: 88. ಮಂಚದ ಮೇಲೆ ಕಳೆದ ತಿಂಗಳುಗಳ ಲಾಭವನ್ನೂ ಮುಚ್ಚಿಡಲಿಲ್ಲ. ಎತ್ತರ: 182. ವರ್ಗ: ಒಂದು. ಬರೆಯುವಾಗ ಕೈ ನಡುಗಲಿಲ್ಲ. ಹರಿಶ್ಚಂದ್ರ ಅಂದು ನನ್ನ ಪಕ್ಕದಲ್ಲಿದ್ದಿದ್ದರೆ ಸ್ವಲ್ಪ ಸರಿದು ಜಾಗ ಬಿಡುತ್ತಿದ್ದ.

ಉಳಿದದ್ದು ವಯಸ್ಸು. ಪಟ್ಟಿಯ ಕೆಳಗಿನ ಸಣ್ಣಕ್ಷರವನ್ನು ಈ ಸಲ ನಾನೂ ಓದಿಬಿಟ್ಟಿದ್ದೆ: 9 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೂ, 50 ಮತ್ತು ಅದಕ್ಕಿಂತ ದೊಡ್ಡವರಿಗೂ ಒಂದು ಸಾಲು ಮೇಲೆ, ಅಂದರೆ ಇನ್ನಷ್ಟು ಸಡಿಲ. ಮಕ್ಕಳಿಗೂ ಮುದುಕರಿಗೂ ಒಂದೇ ರಿಯಾಯಿತಿ. ಕೌಂಟರಿನ ಹುಡುಗ ಪೆನ್ನಿಗಾಗಿ ಕೈ ಚಾಚಿದ. ಹಿಂದೆ ಸಾಲು ಬೆಳೆಯುತ್ತಿತ್ತು. ನಾನು ಬರೆದು ಫಾರಂ ಮಡಿಸುವಷ್ಟರಲ್ಲಿ ನನ್ನವಳು ಭುಜದ ಮೇಲಿಂದ ಬಗ್ಗಿ ನೋಡಿದಳು.

‘ರೀ, ಹೋದ ವರ್ಷವೂ 49, ಅದರ ಹಿಂದಿನ ವರ್ಷವೂ 49. ಇದಕ್ಕೆ ಮಾತ್ರ ಬ್ರೇಕ್ ಚೆನ್ನಾಗಿ ಹಿಡಿಯುತ್ತಲ್ಲ ನಿಮಗೆ!’