ಸೊನ್ನೆ ನಿಮಿಷದ ಅಡುಗೆ

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನ ಜೊತೆಗೆ ಬಂದ ಕೈಪಿಡಿಯ ಕೊನೆಯ ಪುಟದಲ್ಲಿ, ಯಾವ ತರಕಾರಿಗೆ ಎಷ್ಟು ನಿಮಿಷ ಬೇಕೆಂಬ ಪಟ್ಟಿಯೊಂದಿತ್ತು. ಅದರಲ್ಲಿ ಆಸ್ಪರಾಗಸ್ ಎಂಬ ಹೆಸರಿನ ಎದುರಿಗೆ 0 ಎಂದು ಅಚ್ಚಾಗಿದ್ದುದನ್ನು ಕಂಡು, ಕರಡು ತಿದ್ದಿದವರ ಬಗ್ಗೆ ನನಗೆ ಮರುಕ ಹುಟ್ಟಿತು. ಪಾಪ, 10 ಎಂದಿರಬೇಕಾದಲ್ಲಿ 1 ಉದುರಿಹೋಗಿದೆ ಎಂದುಕೊಂಡೆ. ಹತ್ತು ಕೊಂಚ ಹೆಚ್ಚಾದೀತೆಂಬ ಅನುಮಾನವೂ ಬಂದದ್ದರಿಂದ, ಮುದ್ರಣದೋಷದೊಂದಿಗೆ ರಾಜಿ ಮಾಡಿಕೊಂಡು 5 ಎಂದು ಒತ್ತಿದೆ.

ಆಸ್ಪರಾಗಸ್ ಎಂದರೆ ನಮಗೆ ಹೆಸರಿನಿಂದ ಪರಿಚಿತವಾದ ಶತಾವರಿಯ ಕುಲಕ್ಕೇ ಸೇರಿದ ಗಿಡ. ನೆಲದಿಂದ ಆಗತಾನೇ ತಲೆಯೆತ್ತಿದ, ಇನ್ನೂ ಕವಲೊಡೆಯದ ಚಿಗುರನ್ನು ಕೊಯ್ದು ತಿನ್ನುತ್ತಾರೆ. ಹಾಗೆಯೇ ಬಿಟ್ಟರೆ ಅದು ಆಳೆತ್ತರದ, ದಾರದಂತಹ ಎಲೆಗಳ ಪೊದೆಯಾಗುತ್ತದೆ. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಇಷ್ಟೊಂದು ನೀರನ್ನು ಹೊತ್ತುಕೊಂಡು ನೆಟ್ಟಗೆ ನಿಂತಿರುವುದೇ ಅದರ ಪಾಲಿಗೆ ದೊಡ್ಡ ಸಾಹಸವೆಂಬುದು ನನಗೆ ಆಗ ಹೊಳೆಯಲಿಲ್ಲ. ದಂಟಿನ ಬುಡ ನಾರಾಗಿರುವುದರಿಂದ ಅದನ್ನು ಮುರಿದು ಬಿಸಾಡಬೇಕೆಂದು ಕೈಪಿಡಿ ಹೇಳಿತ್ತಾದರೂ, ಕೊಟ್ಟ ದುಡ್ಡಿನ ಮೂರನೆಯ ಒಂದು ಪಾಲನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದೆ ಇಡೀ ಕಟ್ಟನ್ನು ಸ್ಟೀಲಿನ ಸ್ಟ್ಯಾಂಡಿನ ಮೇಲೆ ಮಲಗಿಸಿ, ಕೆಳಗೆ ಒಂದು ಲೋಟ ನೀರು ಹೊಯ್ದು, ಬಣ್ಣ ಚೆನ್ನಾಗಿ ಬರಲೆಂದು ಅರ್ಧ ನಿಂಬೆಹಣ್ಣನ್ನೂ ಹಿಂಡಿ ಮುಚ್ಚಳ ಹಾಕಿದೆ. ನಿಂಬೆಹಣ್ಣಿನ ಸಲಹೆ ಕೈಪಿಡಿಯದಲ್ಲ, ನನ್ನದು.

ಒಲೆಯ ಮೇಲಿನ ಕುಕ್ಕರಾದರೆ ಕೂಗುತ್ತದೆ; ಎರಡು ಕೂಗು, ಮೂರು ಕೂಗು ಎಂದು ಲೆಕ್ಕವಿಟ್ಟು ಮನುಷ್ಯರು ಅಡುಗೆ ಮಾಡಬಹುದು. ಈ ಯಂತ್ರವಾದರೋ ಮೌನವ್ರತದಲ್ಲಿರುತ್ತದೆ. ಒಳಗೆ ಆವಿಯ ಒತ್ತಡ ತುಂಬುವವರೆಗೆ ಅದರ ಗಡಿಯಾರ ಓಡುವುದೇ ಇಲ್ಲ. ಆ ಒತ್ತಡ ತುಂಬಲು ಹನ್ನೆರಡು ನಿಮಿಷ ಹಿಡಿಯಿತು. ಆಮೇಲೆ ನಾನು ಕೊಟ್ಟ ಐದು ನಿಮಿಷ. ಅದು ಮುಗಿದು ಯಂತ್ರ ಕೀಕ್ ಎಂದಾಗ ನಾನು ಫೋನಿನಲ್ಲಿದ್ದೆ. ಹೇಗೂ ಅಡುಗೆ ಮುಗಿದಿದೆ, ಆವಿ ತಾನಾಗಿ ಇಳಿಯಲಿ ಎಂದು ಸುಮ್ಮನಾದೆ. ನಾನು ಸುಮ್ಮನಾದರೂ ಯಂತ್ರ ಸುಮ್ಮನಾಗಲಿಲ್ಲ. ಅಡುಗೆ ಮುಗಿದೊಡನೆ ಅದು ಯಾರನ್ನೂ ಕೇಳದೆ ಪದಾರ್ಥವನ್ನು ಬಿಸಿಯಾಗಿಡುವ ಸೇವೆಗೆ ತೊಡಗುತ್ತದೆ. ಹೀಗೆ ಸೊನ್ನೆ ನಿಮಿಷದಲ್ಲಿ ಬೇಯಬೇಕಾದ ಚಿಗುರು, ನಾನು ಮುಚ್ಚಳ ತೆಗೆಯುವ ಹೊತ್ತಿಗೆ ಅರ್ಧ ಗಂಟೆಯ ಅನುಭವ ಪಡೆದಿತ್ತು.

ಬೆಂದು ಬೆಂಡಾಗುವುದು ಎಂಬ ಮಾತನ್ನು ನಾನು ಬಹಳ ಸಲ ಆಡಿದ್ದೇನೆ. ಕಣ್ಣಾರೆ ಕಂಡದ್ದು ಅಂದೇ. ಇಕ್ಕಳದಿಂದ ಒಂದು ದಂಟನ್ನು ಎತ್ತಿದಾಗ ಅದು ಒದ್ದೆಯಾದ ಶೂ ಲೇಸಿನಂತೆ ಎರಡೂ ಕಡೆಗೆ ಜೋತುಬಿದ್ದು, ಒಂದು ಕ್ಷಣ ಯೋಚಿಸಿ, ನಡುವೆ ಕಡಿದು ಮತ್ತೆ ಪಾತ್ರೆಗೇ ಹಾರಿಕೊಂಡಿತು. ಹಚ್ಚ ಹಸಿರಾಗಿದ್ದದ್ದು ಒಗೆದೊಗೆದು ಮಾಸಿದ ಸಮವಸ್ತ್ರದ ಬಣ್ಣಕ್ಕೆ ತಿರುಗಿತ್ತು. ಹಸಿರಿಗೆ ಕಾರಣವಾದ ಕ್ಲೋರೋಫಿಲ್‌ನ ನಡುವೆ ಒಂದು ಮೆಗ್ನೀಸಿಯಂ ಪರಮಾಣು ಕುಳಿತಿರುತ್ತದೆ. ಬಿಸಿ ಮತ್ತು ಹುಳಿ ಸೇರಿದರೆ ಅದು ಜಾಗ ಖಾಲಿ ಮಾಡುತ್ತದೆ, ಬಣ್ಣ ಕಂದು ಹಸಿರಾಗುತ್ತದೆ. ಆವಿಯ ಒತ್ತಡದಿಂದ ಒಳಗಿನ ಬಿಸಿ 100 ಡಿಗ್ರಿಯನ್ನು ದಾಟಿ 115ರ ಆಸುಪಾಸಿಗೆ ಏರಿತ್ತು. ಹುಳಿಯನ್ನು ನಾನೇ ಹಿಂಡಿದ್ದೆ. ಇಷ್ಟಾದರೂ ನಾನು ಉಳಿಸಿಕೊಂಡಿದ್ದ ಬುಡದ ನಾರು ಮಾತ್ರ ಯಾವ ವಿಕಾರಕ್ಕೂ ಒಳಗಾಗದೆ, ಹಗ್ಗ ಹೊಸೆಯಬಹುದಾದಷ್ಟು ಗಟ್ಟಿಯಾಗಿತ್ತು.

ಈ ಬಗೆಯ ಪಾತ್ರೆಯನ್ನು ದೆನಿ ಪಪ್ಯಾಂ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಮೊದಲು ಮಾಡಿ ತೋರಿಸಿದನಂತೆ, ಅದೂ ಎಲುಬನ್ನು ಮೆತ್ತಗಾಗಿಸಲಿಕ್ಕೆ. ಇತ್ತ ರೋಮಿನ ಚಕ್ರವರ್ತಿ ಅಗಸ್ಟಸ್, ಒಂದು ಕೆಲಸ ತಟ್ಟನೆ ಆಗಬೇಕಿದ್ದರೆ ‘ಆಸ್ಪರಾಗಸ್ ಬೇಯುವುದಕ್ಕಿಂತ ಬೇಗ’ ಎನ್ನುತ್ತಿದ್ದನೆಂದು ಅಲ್ಲಿನ ಚರಿತ್ರಕಾರನೊಬ್ಬ ಬರೆದಿಟ್ಟಿದ್ದಾನೆ. ಎಲುಬು ಕರಗಿಸುವ ಪಾತ್ರೆಗೆ, ಚಕ್ರವರ್ತಿಯೇ ಬೇಗ ಬೇಯುತ್ತದೆಂದು ಒಪ್ಪಿದ್ದ ಚಿಗುರನ್ನು ಹಾಕಿ ಐದು ನಿಮಿಷ ಕೊಟ್ಟ ನನ್ನನ್ನು ಸಮರ್ಥಿಸಿಕೊಳ್ಳಲು ದಾರಿಯೇ ಇರಲಿಲ್ಲ. ಎಲ್ಲವನ್ನೂ ಮಿಕ್ಸಿಗೆ ಹಾಕಿ ಸೂಪ್ ಎಂದು ಹೆಸರಿಟ್ಟು ಬಟ್ಟಲಿಗೆ ಬಡಿಸಿದೆ. ನನ್ನ ಪತ್ನಿ ಹಲ್ಲಿನ ಸಂದಿಯಿಂದ ಒಂದೊಂದೇ ನಾರನ್ನು ಎಳೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿದಳೇ ಹೊರತು ಏನನ್ನೂ ಹೇಳಲಿಲ್ಲ. ಅರ್ಧ ಗಂಟೆಯ ನಂತರ ಬಚ್ಚಲುಮನೆಯಲ್ಲಿ ಎದ್ದ ವಿಚಿತ್ರ ವಾಸನೆಗೆ ಬೆದರಿ, ನಾನು ಮೂತ್ರಪಿಂಡದ ವೈದ್ಯರ ವಿಳಾಸ ಹುಡುಕುವುದರಲ್ಲಿದ್ದೆ. ಆಸ್ಪರಾಗಸ್ಸಿನಲ್ಲಿರುವ ಗಂಧಕದ ಸಂಯುಕ್ತವೊಂದು ದೇಹದಲ್ಲಿ ಒಡೆದಾಗ ಹೀಗಾಗುತ್ತದೆಂದೂ, ಈ ವಾಸನೆ ಎಲ್ಲರ ಮೂಗಿಗೂ ತಿಳಿಯುವುದಿಲ್ಲವೆಂದೂ ಓದಿದ ಮೇಲೆ ಜೀವ ಬಂತು. ನನ್ನ ಮೂಗು ತಿಳಿಯುವವರ ಪೈಕಿ. ಆ ದಿನ ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ.

ಎರಡನೆಯ ಸಲ ಬುಡ ಮುರಿದು, ನಿಂಬೆಹಣ್ಣನ್ನು ದೂರವಿಟ್ಟು, ಗುರುವಾಕ್ಯವೆಂಬಂತೆ 0 ಎಂದೇ ಒತ್ತಿದೆ. ಆದರೆ ಮುಚ್ಚಳದ ಮೇಲಿನ ಆವಿಯ ವಾಲ್ವನ್ನು ಮುಚ್ಚುವ ಕಡೆಗೆ ತಿರುಗಿಸಿರಲಿಲ್ಲ. ಆವಿ ಬುಸುಗುಟ್ಟುತ್ತ ಹೊರಬರುತ್ತಿದ್ದುದನ್ನು ಯಂತ್ರದ ಉತ್ಸಾಹವೆಂದು ಭಾವಿಸಿ ಇಪ್ಪತ್ತೈದು ನಿಮಿಷ ಎದುರಿಗೆ ಕುಳಿತು ಮೆಚ್ಚಿದೆ. ಒತ್ತಡ ತುಂಬದ ಕಾರಣ ಸೊನ್ನೆ ನಿಮಿಷ ಕೊನೆಗೂ ಆರಂಭವಾಗಲೇ ಇಲ್ಲ. ಕೆಳಗಿನ ನೀರು ಪೂರ್ತಿ ಆರಿ, ತಳ ಕಾದು, ಯಂತ್ರ ತಾನಾಗಿ ಕೈಚೆಲ್ಲಿತು. ಆ ದಿನದ ಆಸ್ಪರಾಗಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೂಪ್ ಮಾಡುವಷ್ಟೂ ಉಳಿದಿರಲಿಲ್ಲ.

ಸೊನ್ನೆಯ ಅರ್ಥ ನನಗೆ ಅಂದು ತಿಳಿಯಿತು. ಒತ್ತಡ ತುಂಬುವ ಆ ಹನ್ನೆರಡು ನಿಮಿಷಗಳಲ್ಲೇ ದಂಟು ಬೆಂದು ಮುಗಿದಿರುತ್ತದೆ. ಯಂತ್ರ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೆ. ಒತ್ತಡ ತುಂಬಿದ ಕ್ಷಣದಲ್ಲೇ ಆವಿಯನ್ನು ಹೊರಬಿಟ್ಟು, ಮುಚ್ಚಳ ತೆರೆದು, ದಂಟುಗಳನ್ನು ತಟ್ಟೆಗೆ ವರ್ಗಾಯಿಸದಿದ್ದರೆ ಉಳಿದ ಬಿಸಿಯೇ ಮಿಕ್ಕ ಅನಾಹುತವನ್ನು ಮಾಡುತ್ತದೆ. ಮೂರನೆಯ ಸಲ ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಉದ್ದನೆಯ ಸೌಟಿನ ಹಿಡಿಯಿಂದ ದೂರ ನಿಂತು ವಾಲ್ವನ್ನು ತಿರುಗಿಸಿದೆ. ಆವಿಯ ಧಾರೆ ಮೇಲಿನ ಕಪಾಟಿನ ಬಾಗಿಲಿಗೆ ಬಡಿದು ಅದರ ಬಣ್ಣವನ್ನು ಹೊಪ್ಪಳಿಸಿತಾದರೂ, ಪಾತ್ರೆಯೊಳಗೆ ಹಸಿರಾದ, ಕಚ್ಚಿದರೆ ಕಟಕ್ಕೆನ್ನುವ ಆಸ್ಪರಾಗಸ್ ಇತ್ತು. ಸಾಕ್ಷಿಗೆ ಯಾರೂ ಇಲ್ಲದ್ದರಿಂದ ಎಲ್ಲವನ್ನೂ ನಾನೇ ತಿಂದೆ.

ಮರುದಿನ ಎಲ್ಲರನ್ನೂ ಊಟದ ಮೇಜಿಗೆ ಕರೆದು, ಈ ಯಂತ್ರದಲ್ಲಿ ಆಸ್ಪರಾಗಸ್ ಸೊನ್ನೆ ನಿಮಿಷದಲ್ಲಿ ಸಿದ್ಧವಾಗುತ್ತದೆಂದು ಸಾರಿ, ವಾಲ್ವ್ ಮುಚ್ಚಿರುವುದನ್ನು ಎರಡು ಸಲ ನೋಡಿಕೊಂಡು ಗುಂಡಿ ಒತ್ತಿದೆ. ಪತ್ನಿ ತಟ್ಟೆಗಳನ್ನು ಹಾಕಿದಳು. ಮಗಳು ಚಮಚ ಹಿಡಿದು ಕುಳಿತಳು. ಎಂಟು ನಿಮಿಷ ಕಳೆದ ಮೇಲೆ ಅವಳು ಗಡಿಯಾರದತ್ತ ನೋಡಿ, “ಅಪ್ಪಾ, ಸೊನ್ನೆ ನಿಮಿಷ ಆಗಲು ಇನ್ನೂ ಎಷ್ಟು ಹೊತ್ತು?” ಎಂದು ಕೇಳಿದಳು.

ನಾನು ಯಂತ್ರದ ಕಡೆಗೆ ಬಗ್ಗಿ ನೋಡಿದೆ. ಅದಿನ್ನೂ ಶುರುವೇ ಆಗಿರಲಿಲ್ಲ.