ಸಲಾಡು ನೀರು ಬಿಟ್ಟಿತು ಮಾರಾಯ್ರೆ

ಕಾರ್ತಿಕದ ವನಭೋಜನಕ್ಕೆ ವಾಟ್ಸಾಪ್ ಗುಂಪಿನಲ್ಲಿ ‘ಮನೆಗೊಂದು ಐಟಂ’ ಎಂದು ಪಟ್ಟಿ ಬಿದ್ದರೆ ಪುಳಿಯೋಗರೆ, ಕೋಸಂಬರಿ, ಹೋಳಿಗೆ, ಮೊಸರನ್ನ ಎಲ್ಲ ಹತ್ತು ನಿಮಿಷದಲ್ಲಿ ಬುಕ್ಕಾಗಿಬಿಡುತ್ತವೆ. ತಡವಾಗಿ ಮೊಬೈಲ್ ನೋಡಿದವರ ಪಾಲಿಗೆ ಉಳಿಯುವುದು ಎರಡೇ. ಒಂದು ಪೇಪರ್ ಲೋಟ. ಇನ್ನೊಂದು, ‘ಮದುವೆ ಬಫೆಯಲ್ಲಿ ಬೆಳ್ಳಗೆ ಕ್ರೀಮ್ ಕ್ರೀಮ್ ಇರ್ತದಲ್ಲ, ಆ ಸಲಾಡು’. ಪೇಪರ್ ಲೋಟ ಒಪ್ಪಿಕೊಂಡವರು ಜಾಣರು. ಸಲಾಡು ಒಪ್ಪಿಕೊಂಡವರು, ಒಲೆ ಹಚ್ಚುವ ಕೆಲಸವೇ ಇಲ್ಲವಲ್ಲ ಎಂದು ಒಂದು ರಾತ್ರಿ ಸುಖವಾಗಿ ನಿದ್ದೆ ಮಾಡುತ್ತಾರೆ.

ಬೆಳಿಗ್ಗೆ ಎಂಟಕ್ಕೆ ಕಲಸಿದಾಗ ಅದು ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ. ಮಂಡಗದ್ದೆ ದಾಟಿ ತುಂಗೆಯ ದಡ ಮುಟ್ಟಿ, ಹನ್ನೆರಡೂವರೆಗೆ ಮುಚ್ಚಳ ತೆಗೆದರೆ ತಳದಲ್ಲಿ ಎರಡು ಲೋಟ ನೀರು, ಮೇಲೆ ತೇಲುವ ಕ್ಯಾರೆಟ್ಟು. ಸಾಲಿನಲ್ಲಿ ನಿಂತ ಮಾವನೊಬ್ಬರು ‘ಮಜ್ಜಿಗೆಹುಳಿ ತಣ್ಣಗಾಗಿದೆಯಲ್ಲ’ ಎನ್ನುತ್ತಾ ಅನ್ನದ ಮೇಲೆ ಹಾಕಿಸಿಕೊಳ್ಳುತ್ತಾರೆ. ಅಡಿಕೆ ಹಾಳೆಯ ತಟ್ಟೆ ನೀರು ಹೀರುವ ಜಾತಿಯದಲ್ಲ. ಸಲಾಡಿನ ನೀರು ತಟ್ಟೆಯ ಇಳಿಜಾರು ಹಿಡಿದು ನೇರ ಹೋಳಿಗೆಯ ಬುಡಕ್ಕೆ ಹೋಗುತ್ತದೆ. ಹೋಳಿಗೆ ತಂದ ಅತ್ತಿಗೆ ಆ ದಿನ ಏನೂ ಹೇಳುವುದಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಪೇಪರ್ ಲೋಟ ಎಂದು ತಾವೇ ಬರೆದಿರುತ್ತಾರೆ.

ಇಲ್ಲಿ ತಪ್ಪು ಮೊಸರಿನದೂ ಅಲ್ಲ, ಮೇಯೊನೀಸಿನದೂ ಅಲ್ಲ. ಎಲೆಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ, ಸೌತೆಕಾಯಿಯಲ್ಲಿ ತೊಂಬತ್ತೈದರ ಹತ್ತಿರ. ಹೆಚ್ಚಿದ ತರಕಾರಿಗೆ ಉಪ್ಪು ತಾಗಿದೊಡನೆ ಒಳಗಿನ ನೀರು ಹೊರಗೆ ಬರಲು ಶುರು. ಅದು ಮೊಸರು ಕಲಸಿದ ಮೇಲೆ ಹೊರಟರೆ ಸಾರು, ಕಲಸುವ ಮೊದಲೇ ಹೊರಟರೆ ಸಲಾಡು. ಈ ಅಡುಗೆಯಲ್ಲಿ ಕಲಿಯಬೇಕಾದ ವಿದ್ಯೆ ಇಷ್ಟೇ, ಉಳಿದದ್ದೆಲ್ಲ ರುಚಿಗೆ ಬಿಟ್ಟ ವಿಷಯ.

ಇಪ್ಪತ್ತು ಜನರ ಲೆಕ್ಕ ಹಿಡಿಯೋಣ. ಹತ್ತು ಬಗೆ ಇರುವ ಊಟದಲ್ಲಿ ಒಬ್ಬರಿಗೆ ಒಂದು ಸಣ್ಣ ಸೌಟು ಸಾಕು. ಸಿಪ್ಪೆ, ದಿಂಡು ತೆಗೆದ ಎಲೆಕೋಸು 1 ಕಿಲೋ, ಕ್ಯಾರೆಟ್ 250 ಗ್ರಾಂ, ಎಳೆ ಸೌತೆಕಾಯಿ ಎರಡು, ದಪ್ಪ ಮೆಣಸಿನಕಾಯಿ ಒಂದು. ಕೋಸನ್ನು ಈಳಿಗೆ ಮಣೆಯಲ್ಲಿ ಎಳೆ ಎಳೆಯಾಗಿ ಹೆಚ್ಚಬೇಕು. ತುರಿಯುವ ಮಣೆಗೆ ಕೊಟ್ಟರೆ ಪುಡಿಯಾಗಿ, ಹಿಂಡುವಾಗ ಬೆರಳ ಸಂದಿಯಲ್ಲೇ ಅರ್ಧ ಹೋಗುತ್ತದೆ. ಮಿಕ್ಸಿಯ ಚಾಪರ್‌ಗೆ ಹಾಕಿದವರಿಗೆ ಸಿಗುವುದು ಕೋಸಿನ ಚಟ್ನಿ.

ಹೆಚ್ಚಿದ ಕೋಸಿಗೆ ಒಂದು ದೊಡ್ಡ ಚಮಚ ಪುಡಿ ಉಪ್ಪು ಹಾಕಿ ಕೈಯಲ್ಲಿ ಉಜ್ಜಿ, ರಂಧ್ರದ ಪಾತ್ರೆಯಲ್ಲಿ ಒಂದು ಗಂಟೆ ಬಿಡಿ. ಗಂಟೆ ಕಳೆದು ಒಂದು ಎಳೆಯನ್ನು ಬೆರಳಿಗೆ ಸುತ್ತಿ ನೋಡಿ. ಸುತ್ತಿಕೊಂಡರೆ ಆಯ್ತು, ಟಕ್ಕೆಂದು ಮುರಿದರೆ ಇನ್ನೊಂದು ಕಾಲು ಗಂಟೆ. ಆಮೇಲೆ ಹಿಡಿ ಹಿಡಿಯಾಗಿ ಎತ್ತಿ ಎರಡು ಅಂಗೈಗಳ ನಡುವೆ ಹಿಂಡಬೇಕು. ಮೊದಲ ಹಿಂಡಿಗೆ ಧಾರೆ ಇಳಿಯುತ್ತದೆ, ಎರಡನೆಯದಕ್ಕೆ ಹನಿ. ಮೂರನೆಯ ಸಲ ಹಿಂಡಬೇಡಿ, ಕೋಸಿನಲ್ಲಿ ಅಗಿಯಲು ಏನೂ ಉಳಿಯುವುದಿಲ್ಲ. ತಳದಲ್ಲಿ ಒಂದು ಲೋಟದಷ್ಟು ಹಸಿರು ಮಿಶ್ರಿತ ನೀರು ಕೂಡಿರುತ್ತದೆ. ಅದನ್ನು ನೋಡಿದವರು ಮತ್ತೆಂದೂ ಈ ಹಂತ ತಪ್ಪಿಸುವುದಿಲ್ಲ. ಉಪ್ಪಿನಲ್ಲಿ ಒಂದು ಪಾಲು ಈ ನೀರಿನ ಜೊತೆ ಹೋಗಿ, ಉಳಿದದ್ದು ಇಡೀ ಸಲಾಡಿಗೆ ಹೆಚ್ಚುಕಡಿಮೆ ಸಾಕಾಗುತ್ತದೆ. ಕೊನೆಯಲ್ಲಿ ರುಚಿ ನೋಡದೆ ಇನ್ನೊಮ್ಮೆ ಉಪ್ಪು ಹಾಕಿದರೆ ಉಪ್ಪಿನಕಾಯಿ ತಂದವರಿಗೆ ಕೆಲಸವಿರುವುದಿಲ್ಲ.

ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ನಡುವಿನ ತಿರುಳನ್ನು ಚಮಚದಲ್ಲಿ ಕೆರೆದು ತೆಗೆಯಬೇಕು. ನೀರಿನ ಟ್ಯಾಂಕು ಅದೇ. ತುದಿ ಕೊಯ್ದು ನೊರೆ ಬರುವ ತನಕ ತಿಕ್ಕುವ ಶಾಸ್ತ್ರ ಎಲ್ಲ ಮನೆಯಲ್ಲೂ ಇದೆ, ತಿಕ್ಕಿ, ಬೇಡವೆನ್ನುವುದಿಲ್ಲ. ಆದರೆ ಪ್ರತಿ ಕಾಯಿಯ ತೊಟ್ಟಿನ ಕಡೆಯ ಒಂದು ಚೂರನ್ನು ಬಾಯಿಗೆ ಹಾಕಿ ನೋಡಿ. ಒಂದೇ ಒಂದು ಕಹಿಕಾಯಿ ಇಪ್ಪತ್ತು ಜನರ ಮುಖ ಹಿಂಡಿಸುತ್ತದೆ. ಕ್ಯಾರೆಟ್ಟಿಗೂ ದಪ್ಪ ಮೆಣಸಿಗೂ ಉಪ್ಪಿನ ಸ್ನಾನ ಬೇಕಿಲ್ಲ. ಟೊಮೇಟೊ ಈ ಸಲಾಡಿಗೆ ಬೇಡ. ಅಲಂಕಾರ ಬೇಕೇಬೇಕೆಂದರೆ ಬಡಿಸುವಾಗ ಮೇಲೆ ನಾಲ್ಕು ಹೋಳು ಇಟ್ಟು ಫೋಟೋ ತೆಗೆಯಿರಿ. ಬೀಟ್‌ರೂಟಿನ ಒಂದು ಚೂರು ಬಿದ್ದರೂ ಇಡೀ ಪಾತ್ರೆ ಗುಲಾಬಿ ಬಣ್ಣಕ್ಕೆ ತಿರುಗಿ, ಮಕ್ಕಳು ಐಸ್‌ಕ್ರೀಮ್ ಎಂದು ಓಡಿ ಬರುತ್ತಾರೆ. ಬಂದವರು ಅಳುತ್ತಾ ಹಿಂತಿರುಗುತ್ತಾರೆ.

ಇನ್ನು ಆ ಬೆಳ್ಳಗಿನ ಕ್ರೀಮು. ಗಟ್ಟಿ ಹಾಲಿನ 1 ಲೀಟರ್ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನೊಳಗೇ ಜರಡಿಯ ಮೇಲೆ ನಾಲ್ಕೈದು ಗಂಟೆ ಇಟ್ಟರೆ ಸುಮಾರು ಅರ್ಧ ಕಿಲೋ ಸಿಗುತ್ತದೆ. ನಲ್ಲಿಗೆ ನೇತುಹಾಕುವ ಪದ್ಧತಿ ಶ್ರೀಖಂಡಕ್ಕೆ ಸರಿ, ಸಲಾಡಿಗೆ ಬೇಡ. ಹೊರಗಿನ ಬಿಸಿಗೆ ನೀರು ಇಳಿಯುವುದರ ಜೊತೆಗೆ ಹುಳಿಯೂ ಏರುತ್ತದೆ. ರಾತ್ರಿಯಿಡೀ ಕಟ್ಟಿಟ್ಟರೆ ಸುಣ್ಣದ ಮುದ್ದೆಯಾಗಿ ನಾಲಿಗೆಗೆ ಅಂಟುತ್ತದೆ, ಹಾಗಾದರೆ ಎರಡು ಚಮಚ ತಣ್ಣನೆ ಹಾಲು ಹಾಕಿ ಕಲಸಿದರೆ ದಾರಿಗೆ ಬರುತ್ತದೆ. ಆಷಾಢದ ಮಳೆಯಲ್ಲಿ ಮಲೆನಾಡಿನ ಮನೆಗಳಲ್ಲಿ ಮೊಸರು ರಾತ್ರಿ ಕಳೆದರೂ ಹೆಪ್ಪಾಗದೆ ಲೋಳೆಲೋಳೆಯಾಗಿ ಕೂತಿರುತ್ತದೆ. ಅದನ್ನು ಬಟ್ಟೆಗೆ ಸುರಿದರೆ ನೀರಿನ ಜೊತೆ ಮೊಸರೂ ಬಟ್ಟೆ ದಾಟಿ ಹೋಗುತ್ತದೆ. ಆ ದಿನಗಳಲ್ಲಿ ಪ್ಯಾಕೆಟ್ ಮೊಸರಿಗೆ ಮೊರೆ ಹೋಗುವುದರಲ್ಲಿ ಅವಮಾನವಿಲ್ಲ.

ಇದಕ್ಕೆ ಸಕ್ಕರೆ ಒಂದು ಚಮಚ, ಹೊಸದಾಗಿ ಕುಟ್ಟಿದ ಕಾಳುಮೆಣಸು ಅರ್ಧ ಚಮಚ, ಅರ್ಧ ನಿಂಬೆಹಣ್ಣು. ಮೇಯೊನೀಸ್ ಬೇಕೆನ್ನುವವರು ನೂರು, ನೂರೈವತ್ತು ಗ್ರಾಂ ಸೇರಿಸಿ ಮೊಸರನ್ನು ಅಷ್ಟೇ ಕಡಿಮೆ ಮಾಡಿಕೊಳ್ಳಿ. ಅದರ ಎಣ್ಣೆ ತರಕಾರಿಗೆ ಚೆನ್ನಾಗಿ ಹಿಡಿಯುತ್ತದೆ, ನಿಜ. ಆದರೆ ಮನೆಯಲ್ಲೇ ಹಸಿ ಮೊಟ್ಟೆ ಒಡೆದು ಮೇಯೊನೀಸ್ ಮಾಡಿ ನಲವತ್ತು ಕಿಲೋಮೀಟರ್ ಒಯ್ಯುವ ಸಾಹಸ ಬೇಡ. ಹಸಿ ಮೊಟ್ಟೆಯ ಮೇಯೊನೀಸನ್ನು 2024ರ ಅಕ್ಟೋಬರಿನಲ್ಲಿ ತೆಲಂಗಾಣ, 2025ರ ಏಪ್ರಿಲಿನಲ್ಲಿ ತಮಿಳುನಾಡು ಒಂದೊಂದು ವರ್ಷಕ್ಕೆ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಮೊಟ್ಟೆಯಿಲ್ಲದ ಬಾಟಲಿಯೇ ಸಾಕು. ಹೇಗಿದ್ದರೂ ‘ಇದರಲ್ಲಿ ಮೊಟ್ಟೆ ಇಲ್ಲ ತಾನೆ?’ ಎಂಬ ಪ್ರಶ್ನೆ ಕನಿಷ್ಠ ಆರು ಜನರಿಂದ ಬರುತ್ತದೆ. ಬಾಟಲಿಯನ್ನೂ ಜೊತೆಗೆ ಒಯ್ದರೆ ಹಸಿರು ಚುಕ್ಕೆ ತೋರಿಸಿ ಪಾರಾಗಬಹುದು.

ಮಲೆನಾಡಿನವರು ಇದಕ್ಕೆ ಒಂದು ಚಮಚ ಸಾಸಿವೆ ಅರೆದು ಹಾಕದಿದ್ದರೆ ಹೇಗೆ? ಹಸಿ ಸಾಸಿವೆಯನ್ನು ತಣ್ಣೀರಿನಲ್ಲೇ ಅರೆಯಬೇಕು, ಹತ್ತು ನಿಮಿಷ ಬಿಡಬೇಕು, ಆಗ ಮೂಗಿಗೆ ಏರುವ ಖಾರ ಹುಟ್ಟುತ್ತದೆ. ಬಿಸಿನೀರು ಹಾಕಿದರೆ ಆ ಖಾರ ಹುಟ್ಟುವುದೇ ಇಲ್ಲ. ಖಾರ ಏರಿದ ಮೇಲೆ ನಿಂಬೆರಸ ಬೆರೆಸಿದರೆ ಅದು ಹೆಚ್ಚು ಹೊತ್ತು ನಿಲ್ಲುತ್ತದೆ. ಮಿಕ್ಸಿಯಲ್ಲಿ ನುಣ್ಣಗಾಗಲಿ ಎಂದು ತಿರುಗಿಸುತ್ತಲೇ ಇದ್ದರೆ ಕಹಿ, ಆ ಕಹಿಗೆ ಮದ್ದಿಲ್ಲ. ‘ಇದೆಂತದು, ನಮ್ಮ ಸೌತೆಕಾಯಿ ಸಾಸಿವೆಯೇ ಅಲ್ವನಾ?’ ಎಂದು ಅಜ್ಜಿಯರು, ಕಾಯಿ, ಸಾಸಿವೆ ಅರೆದು ಮೊಸರಿಗೆ ಕಲಸುವ ತಮ್ಮ ಅಡುಗೆಯನ್ನು ನೆನೆದು, ಕೇಳುವುದುಂಟು. ಹೌದು ಅಜ್ಜಿ, ಹೆಚ್ಚುಕಡಿಮೆ ಅದೇ, ತೆಂಗಿನಕಾಯಿ ಒಂದು ಬಿಟ್ಟು. ಸಾಸಿವೆಯೇ ಹೆಚ್ಚು ರುಚಿ ಎಂಬುದರಲ್ಲೂ ನಮಗೆ ತಕರಾರಿಲ್ಲ. ಆದರೆ ಹಸಿ ಕಾಯಿ ಅರೆದು ಮೊಸರಿಗೆ ಹಾಕಿದ್ದು ಡಿಕ್ಕಿಯಲ್ಲಿ ಕೂತು ಪ್ರಯಾಣ ಮಾಡುವುದಿಲ್ಲ, ಊಟದ ಹೊತ್ತಿಗೆ ವಾಸನೆಯೇ ಬೇರೆಯಾಗಿರುತ್ತದೆ. ಹೊರಗೆ ಒಯ್ಯುವುದಕ್ಕೆ ಕಾಯಿ ಬಿಡಿ.

ಆಲೂಗಡ್ಡೆಯ ಸಲಾಡು ಮಾಡುವವರ ಗೋಳು ಬೇರೆ. ಸಿಪ್ಪೆ ಸುಲಿದು, ತುಂಡು ಮಾಡಿ, ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿದರೆ ಅದು ಪಲ್ಯ. ಎಷ್ಟು ಮೇಯೊನೀಸ್ ಸುರಿದರೂ ಜನ ನೋಡಿದ ಕೂಡಲೇ ‘ಪೂರಿ ಎಲ್ಲಿ?’ ಎನ್ನುತ್ತಾರೆ. ಸಿಪ್ಪೆ ಸಮೇತ, ಇಡಿಯಾಗಿ, ತಣ್ಣನೆಯ ಉಪ್ಪುನೀರಿನಲ್ಲಿ ಹಾಕಿ ತೆರೆದ ಪಾತ್ರೆಯಲ್ಲಿ ಬೇಯಿಸಬೇಕು. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗಿ ಒಳಗೆ ಕಲ್ಲು. ಚೂರಿಯ ತುದಿ ಸಲೀಸಾಗಿ ಇಳಿದರೆ ತೆಗೆದು, ಇನ್ನೂ ಬೆಚ್ಚಗಿರುವಾಗಲೇ ಹೋಳು ಮಾಡಿ, ಉಪ್ಪು ಮತ್ತು ವಿನೆಗರ್ ಚಿಮುಕಿಸಿ. ಬೆಚ್ಚಗಿನ ಹೋಳು ಹುಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ತಣಿದ ಮೇಲೆ ಹಾಕಿದ್ದು ಮೈಮೇಲೆ ಉಳಿಯುತ್ತದೆ. ಮೊಸರು, ಮೇಯೊನೀಸ್ ಮಾತ್ರ ಪೂರ್ತಿ ತಣಿದ ಮೇಲೆಯೇ. ಬಿಸಿಯ ಮೇಲೆ ಬಿದ್ದರೆ ಎಣ್ಣೆ ಬೇರೆ, ನೀರು ಬೇರೆ. ಮದುವೆ ಬಫೆಗಳ ‘ರಷ್ಯನ್ ಸಲಾಡ್’ 1860ರ ದಶಕದ ಮಾಸ್ಕೋದಲ್ಲಿ, ಹರ್ಮಿಟಾಜ್ ಎಂಬ ರೆಸ್ಟೋರೆಂಟಿನಲ್ಲಿ ಒಲಿವಿಯೆ ಎಂಬ ಅಡುಗೆಯವರ ಕೈಯಲ್ಲಿ ಹುಟ್ಟಿದ್ದು. ಅಲ್ಲಿಯ ಚಳಿಗೆ ಸರಿ. ಏಪ್ರಿಲ್ ತಿಂಗಳ ಶಿವಮೊಗ್ಗದ ಕಲ್ಯಾಣ ಮಂಟಪದಲ್ಲಿ ಫ್ಯಾನಿನ ಕೆಳಗೆ ಮೂರು ತಾಸು ನಿಂತ ಅದನ್ನು ಮುಟ್ಟದಿರುವುದೇ ಕ್ಷೇಮ.

ಅನಾನಸ್ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಬೇಕು, ಏಕೆಂದರೆ ನಮ್ಮ ಸೊರಬ, ಬನವಾಸಿ ಸೀಮೆಯಲ್ಲಿ ಅದು ಧಾರಾಳ. ಸಿಹಿ ಹಣ್ಣು ಸಿಕ್ಕಿತೆಂದು ಹಸಿಯಾಗಿಯೇ ಹೆಚ್ಚಿ ಮೊಸರಿಗೆ ಹಾಕಿದರೆ ಒಂದೆರಡು ಗಂಟೆಯಲ್ಲಿ ಸಲಾಡು ಕಹಿಯಾಗುತ್ತದೆ, ತೆಳ್ಳಗೂ ಆಗುತ್ತದೆ. ಹಣ್ಣಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುವುದರಿಂದ ಹೀಗೆ. ಎಲ್ಲರೂ ಮೊಸರು ಮಾರಿದ ಅಂಗಡಿಯವರನ್ನು ಬೈಯುತ್ತಾರೆ, ಅನಾನಸ್ ನಿರಪರಾಧಿಯಂತೆ ಬಿದ್ದುಕೊಂಡಿರುತ್ತದೆ. ಹೋಳನ್ನು ಐದು ನಿಮಿಷ ಕುದಿಸಿ, ತಣಿಸಿ, ರಸ ಬಸಿದು ಹಾಕಿದರೆ ಈ ತಂಟೆ ಇಲ್ಲ. ಕುದಿಸಿದ ಗೊಜ್ಜಿನಲ್ಲಿ ಇಂಥ ಕಹಿ ಹುಟ್ಟದಿರುವುದೂ ಇದೇ ಕಾರಣಕ್ಕೆ.

ಒಯ್ಯುವ ವಿಚಾರಕ್ಕೆ ಬಂದರೆ, ತರಕಾರಿ ಒಂದು ಡಬ್ಬಿ, ಕ್ರೀಮು ಇನ್ನೊಂದು ಡಬ್ಬಿ, ಹೆಚ್ಚಿದ ಈರುಳ್ಳಿ ಮೂರನೆಯ ಪುಟ್ಟ ಡಬ್ಬಿ. ಈರುಳ್ಳಿಯನ್ನು ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು ಬಸಿದರೆ ಘಾಟು ಇಳಿಯುತ್ತದೆ. ಬೆಳಿಗ್ಗೆಯೇ ಕಲಸಿಟ್ಟರೆ ಮಧ್ಯಾಹ್ನ ಇಡೀ ಸಲಾಡೇ ಈರುಳ್ಳಿ. ಊಟಕ್ಕೆ ಕಾಲು ಗಂಟೆ ಮೊದಲು, ಅಲ್ಲೇ ಕೂತು ಕಲಸಿ. ಕಲಸುವಾಗ ಸ್ವಲ್ಪ ಗಟ್ಟಿಯೆನಿಸಬೇಕು, ಬಡಿಸುವ ಹೊತ್ತಿಗೆ ಹದಕ್ಕೆ ಬರುತ್ತದೆ. ಸ್ಟೀಲ್, ಗಾಜು, ಪ್ಲಾಸ್ಟಿಕ್ ಯಾವುದಾದರೂ ಆದೀತು. ಕಲಾಯಿ ಹೋದ ಹಿತ್ತಾಳೆ ಪಾತ್ರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆಂದು ಅದರಲ್ಲಿ ಮೊಸರು ಹಾಕಿದರೆ ಕಿಲುಬು ಇಳಿಯುತ್ತದೆ.

ತಂಪಿಗೆ, ಹಿಂದಿನ ರಾತ್ರಿ ಎರಡು ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಫ್ರೀಜರಿನಲ್ಲಿಡಿ. ಕಂಠಪೂರ್ತಿ ತುಂಬಿಸಿದರೆ ಒಡೆಯುತ್ತದೆ. ಬೆಳಿಗ್ಗೆ ಅವುಗಳ ನಡುವೆ ಡಬ್ಬಿಗಳನ್ನಿಟ್ಟು ಥರ್ಮೋಕೋಲ್ ಪೆಟ್ಟಿಗೆ ಮುಚ್ಚಿ. ಪೆಟ್ಟಿಗೆ ಎಲ್ಲಿಂದ ಬಂತು ಎಂದು ವಿಚಾರಿಸಿಕೊಳ್ಳಿ. ಕರಾವಳಿಯಿಂದ ಮೀನು ಹೊತ್ತು ಬಂದ ಪೆಟ್ಟಿಗೆ ಎಷ್ಟು ತೊಳೆದರೂ ತನ್ನ ಪೂರ್ವಾಶ್ರಮ ಮರೆಯುವುದಿಲ್ಲ, ಆರು ಜನ ಮೊಟ್ಟೆಯ ಬಗ್ಗೆ ಕೇಳುವ ಕಡೆ ಹನ್ನೆರಡು ಜನ ಮೀನಿನ ಬಗ್ಗೆ ಕೇಳುತ್ತಾರೆ. ಬೇಗ ತಣ್ಣಗಾಗಲೆಂದು ಕಲಸಿದ ಸಲಾಡನ್ನೇ ಫ್ರೀಜರಿಗೆ ನೂಕುವವರೂ ಇದ್ದಾರೆ. ಗಡ್ಡೆ ಕಟ್ಟಿ ಕರಗಿದ ಮೇಲೆ ಮೇಯೊನೀಸ್ ಒಡೆದು ಎಣ್ಣೆ ಬಿಡುತ್ತದೆ, ಸೌತೆಕಾಯಿ ಒದ್ದೆ ಬಟ್ಟೆಯಂತೆ ಜೋತುಬೀಳುತ್ತದೆ.

ಬಡಿಸುವಾಗ ಅರ್ಧ ಮಾತ್ರ ಹೊರಗಿಡಿ, ಉಳಿದರ್ಧ ಪೆಟ್ಟಿಗೆಯಲ್ಲೇ ಇರಲಿ. ಹೊರಗಿಟ್ಟದ್ದಕ್ಕೆ ಎರಡು ಗಂಟೆ ಗಡುವು, ಬಿಸಿಲು 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಇಸ್ಪೀಟು ಮುಗಿಸಿ ಮೂರೂವರೆಗೆ ಬಂದು ‘ಒಂಚೂರು ಸಲಾಡು ಉಂಟಾ?’ ಎನ್ನುವ ಭಾವನಿಗೆ ಪೆಟ್ಟಿಗೆಯೊಳಗಿನದ್ದು ಬಡಿಸಿ, ಮೇಜಿನ ಮೇಲಿನದ್ದು ಬೇಡ.

ತಂಪಿನಲ್ಲೇ ಉಳಿದ ಮೊಸರಿನ ಸಲಾಡಿದ್ದರೆ ಮನೆಗೆ ಬಂದು ಅಕ್ಕಿ ಹಿಟ್ಟಿಗೆ ಕಲಸಿ, ಒಂದು ಹಸಿಮೆಣಸು ಕೊಚ್ಚಿ ಹಾಕಿ ರೊಟ್ಟಿ ತಟ್ಟಬಹುದು. ನೀರು ಹಾಕಬೇಕಾಗಿಯೇ ಬರುವುದಿಲ್ಲ, ಉಪ್ಪನ್ನೂ ನೋಡಿಕೊಂಡು ಹಾಕಿ. ಮೇಯೊನೀಸ್ ಕಲಸಿದ್ದಾದರೆ ಈ ಉಪಾಯ ನಡೆಯದು, ಕಾವಲಿಯ ಮೇಲೆ ಎಣ್ಣೆ ಬಿಟ್ಟು ರೊಟ್ಟಿ ಹರಿದುಹೋಗುತ್ತದೆ. ಅದನ್ನು ಅಂದೇ ರಾತ್ರಿ ಬ್ರೆಡ್ಡಿನ ನಡುವೆ ಇಟ್ಟು ಮಕ್ಕಳಿಗೆ ಕೊಡಿ.