ಸೋರುವ ನೀರಿನೊಂದಿಗೆ ವಿದ್ಯುತ್ತೂ ಹಾಳು
ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸಿ ಸ್ಥಳೀಯ ಸಂಸ್ಥೆಗಳು ವಿದ್ಯುತ್ ಉಳಿಸಬೇಕೆಂದು ಪತ್ರಿಕೆಯ ಲೇಖನವೊಂದು ನೀಡಿದ ಸಲಹೆ ಸರಿಯಾದದ್ದೇ. ಆದರೆ ನೀರನ್ನು ಶುದ್ಧೀಕರಿಸಿ ಓವರ್‌ಹೆಡ್ ಟ್ಯಾಂಕಿಗೆ ಏರಿಸಲು ತಗಲುವ ವಿದ್ಯುತ್ತಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲದಿರುವುದು ಬೇಸರ ತಂದಿತು. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯಿಂದ ಅಲ್ಲೀಪುರ ಕೆರೆ ತುಂಬಿಸಿಕೊಂಡು, ಕಾಲುವೆ ನೀರು ನಿಂತ ಮೇಲೆ ಬೇಸಿಗೆಯಲ್ಲಿ ಆ ಸಂಗ್ರಹವನ್ನೇ ನೆಚ್ಚಬೇಕಾದ ನಮ್ಮ ಬಳ್ಳಾರಿಯಲ್ಲಿ, ವಾಲ್ವ್ ಗುಂಡಿಯಲ್ಲಿ ಸೋರಿ ಚರಂಡಿ ಸೇರುವ ನೀರಿನ ಜೊತೆಗೆ ಅದನ್ನು ಅಲ್ಲಿಯವರೆಗೆ ತಂದ ವಿದ್ಯುತ್ತೂ ವ್ಯರ್ಥವಾಗುತ್ತದೆ. ನಮ್ಮ ಓಣಿಯ ಸಾರ್ವಜನಿಕ ನಲ್ಲಿಗೆ ತಿರುಪೇ ಇಲ್ಲ. ನೀರು ಬಿಟ್ಟ ದಿನ ಕೊಡಗಳೆಲ್ಲ ತುಂಬಿದ ಮೇಲೂ ಹರಿಯುತ್ತಲೇ ಇರುತ್ತದೆ. ಪ್ರತಿ ಟ್ಯಾಂಕಿನ ಹೊರಹರಿವಿಗೆ ಮೀಟರ್ ಅಳವಡಿಸಿ, ವಾರ್ಡುವಾರು ಸೋರಿಕೆ ಹಿಡಿದು ದುರಸ್ತಿ ಮಾಡುವ ಕೆಲಸಕ್ಕೆ ದೀಪ ಬದಲಾವಣೆಗಿಂತ ಮೊದಲು ಹಣ ಒದಗಿಸಬೇಕೆಂದು ಒತ್ತಾಯಿಸುತ್ತೇನೆ.